ಜಮಖಾನ ಒಂದಿದ್ದರೆ ಸಾಕು

ಮೂಗೂರಿನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಯೋಗ ಕಲಿಯಲು ಪೇಟೆಗೇ ಹೋಗಬೇಕೆಂದು ಕಾಯಬೇಡಿ. ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲೇ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಆಸನಗಳನ್ನು ಕಲಿಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಮೊದಲು ಅಚ್ಚಾದದ್ದು ಕನ್ನಡದಲ್ಲೇ. ಅದೇ ವರ್ಷ ಅವರ ಬಳಿಗೆ ಬಂದ ಕೋಲಾರ ಸೀಮೆಯ ಬೆಳ್ಳೂರಿನ ಹುಡುಗ ಕಾಯಿಲೆಯಿಂದ ಬಡಕಲಾಗಿದ್ದ. ಬಗ್ಗಿದರೆ ಕೈ ಮಂಡಿಯ ಕೆಳಗೆ ಇಳಿಯುತ್ತಿರಲಿಲ್ಲ. ಆ ಹುಡುಗನೇ ಮುಂದೆ ಯೋಗಗುರುವಾದ ಬಿ.ಕೆ.ಎಸ್. ಅಯ್ಯಂಗಾರ್. ಮೈ ಬಗ್ಗುವುದಿಲ್ಲ ಎನ್ನುವವರು ಇದನ್ನು ನೆನೆಯಿರಿ.

ನಡುಮನೆಯಲ್ಲಿ ಜಮಖಾನ ಹಾಸಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹದಿನೈದು ನಿಮಿಷ ಸಾಕು. ಮೊದಲ ವಾರ ನೆಟ್ಟಗೆ ನಿಲ್ಲುವ ತಾಡಾಸನ, ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ, ಕೊನೆಗೆ ಅಂಗಾತ ಮಲಗುವ ಶವಾಸನ, ಇಷ್ಟೇ. ವೃಕ್ಷಾಸನದಲ್ಲಿ ವಾಲಿದರೆ ಗೋಡೆ ಹಿಡಿಯಿರಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಮುಂದೆ ಕೂತು ಮಾಡುವ ಆಸನಗಳಲ್ಲಿ ಮಂಡಿ ಮಡಿಸಿ ಕೂರಲಾಗದವರು ಕಂಬಳಿ ಮಡಿಸಿ ಕೆಳಗಿಟ್ಟುಕೊಳ್ಳಲಿ. ಉಸಿರು ಬಿಗಿಹಿಡಿಯಬೇಡಿ; ಏದುಸಿರು ಬಂದರೆ ನಿಲ್ಲಿಸಿ.

ನಾಟಿ, ಕಳೆ ಎಂದು ದಿನವಿಡೀ ಬಗ್ಗಿ ದುಡಿದ ಬೆನ್ನಿಗೆ ಮತ್ತೆ ಮುಂದಕ್ಕೆ ಬಗ್ಗುವ ಆಸನ ಬೇಡ. ಬೋರಲು ಮಲಗಿ ಮೆಲ್ಲಗೆ ಎದೆ ಎತ್ತುವ ಭುಜಂಗಾಸನ ಹಿತ. ಗದ್ದೆ ಕೆಲಸವೇ ಯೋಗ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದುಡಿಮೆ ಮೈಯನ್ನು ಒಂದೇ ಕಡೆಗೆ ಎಳೆಯುತ್ತದೆ.

ಬಿ.ಪಿ., ಬೆನ್ನುಹುರಿಯ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ಮೊಬೈಲ್ ನೋಡಿ ಶೀರ್ಷಾಸನಕ್ಕಂತೂ ಇಳಿಯಲೇಬೇಡಿ. ಕತ್ತಿನ ಮೇಲೆ ಭಾರ ಬೀಳುವ ಆಸನವನ್ನು ಬಲ್ಲವರ ಎದುರಿಗೇ ಕಲಿಯಬೇಕು.