ನಡುಗಾಲದ ಮನೆ: ಪಂಚಾಚಾರದ ದೃಷ್ಟಿಯಿಂದ ಒಂದು ವಿಚಾರ

ಗೃಹಸ್ಥರಾದ ಭಕ್ತರಿಗೆ ಈಚೆಗೆ ಪದೇ ಪದೇ ಒದಗುತ್ತಿರುವ ಒಂದು ಪ್ರಸಂಗವನ್ನು ಈ ಪಾಠದಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ. ಇದ್ದ ಮನೆಯನ್ನು ಮಾರಿಯಾಗಿದೆ. ಕೊಳ್ಳಬೇಕೆಂದಿರುವ ಮನೆ ಇನ್ನೂ ಕೈಸೇರಿಲ್ಲ. ಹಣ ತೆತ್ತವರು ಬೀಗದ ಕೈಗಾಗಿ ಕಾದಿದ್ದಾರೆ. ಇತ್ತ ಹೊಸ ಮನೆಯ ಋಣಭಾರ ಪತ್ರವನ್ನು ತರಿಸಬೇಕು, ಮೂಲಪತ್ರಗಳನ್ನು ವಕೀಲರಿಗೆ ತೋರಿಸಬೇಕು, ಬ್ಯಾಂಕಿನ ಸಾಲ ಮಂಜೂರಾಗಬೇಕು. ನಮ್ಮ ರಾಜ್ಯದ ಪಟ್ಟಣಗಳಲ್ಲಿ 2024ರಿಂದ ನೋಂದಣಿಗೆ ಇ-ಖಾತೆಯೂ ಅವಶ್ಯವಾಗಿದೆ. ಇವೆಲ್ಲ ಮುಗಿಯಲು ಮೂರು ತಿಂಗಳು ಸಾಕಾಗಬಹುದು, ಎಂಟು ತಿಂಗಳೂ ಹಿಡಿಯಬಹುದು. ಈ ನಡುಗಾಲಕ್ಕೆ ಬಾಡಿಗೆಯ ಮನೆಯೊಂದು ಬೇಕು.

ಇಂಥ ಸಮಯದಲ್ಲಿ ಮನಸ್ಸು ಎರಡು ಕಡೆ ಜಾರುತ್ತದೆ. “ಮನೆಯಿಲ್ಲದವರಾದೆವು” ಎಂಬ ಭಯದಿಂದ ಪತ್ರ ಸರಿಯಿಲ್ಲದ ಮನೆಯನ್ನು ಅವಸರದಲ್ಲಿ ಕೊಂಡು ಜೀವಮಾನವೆಲ್ಲ ನ್ಯಾಯಾಲಯಕ್ಕೆ ಅಲೆಯುವುದು ಒಂದು. ನಾಲ್ಕು ತಿಂಗಳ ಅಗತ್ಯವನ್ನು ಮರೆಮಾಚಿ, “ಬಹಳ ವರ್ಷ ಇರುತ್ತೇವೆ” ಎಂದು ನಂಬಿಸಿ ಬಾಡಿಗೆ ಹಿಡಿಯುವುದು ಇನ್ನೊಂದು. ಮೊದಲನೆಯದು ನಮಗೆ ಹಾನಿ, ಎರಡನೆಯದು ಪರರಿಗೆ. ಈ ಎರಡರಿಂದಲೂ ಪಾರಾಗುವ ದಾರಿ ನಮ್ಮ ಪಂಚಾಚಾರಗಳಲ್ಲಿಯೇ ಇದೆ.

ಲಿಂಗಾಚಾರ

‘ಸ್ಥಾ’ ಧಾತುವಿಗೆ ನಿಲ್ಲುವುದೆಂದೂ ‘ಗಮ್’ ಧಾತುವಿಗೆ ಹೋಗುವುದೆಂದೂ ಅರ್ಥ. ಮೊದಲನೆಯದರಿಂದ ಸ್ಥಾವರ, ಎರಡನೆಯದರಿಂದ ಜಂಗಮ. ನೋಂದಣಿಯ ಕಚೇರಿಯಲ್ಲಿಯೂ ಮನೆಯನ್ನು ಸ್ಥಿರಸ್ವತ್ತೆಂದೇ ಬರೆಯುತ್ತಾರೆ. ಆದರೆ ಶರಣರು ಲಿಂಗವನ್ನು ಸ್ಥಾವರದಿಂದ ಬಿಡಿಸಿ ಅಂಗದ ಮೇಲಿಟ್ಟರು. ಭಕ್ತನು ಎಲ್ಲಿರುವನೋ ಅಲ್ಲಿಯೇ ಪೂಜೆಯ ಸ್ಥಾನ. ಕರಸ್ಥಲವೊಂದಿದ್ದರೆ ಸಾಕು, ಬಾಡಿಗೆಯ ಮನೆಯ ಕಿರಿದಾದ ಕೋಣೆಯಲ್ಲಿಯೂ ವಿಭೂತಿ, ಪತ್ರೆ, ಒಂದು ಗಿಂಡಿ ನೀರಿನಿಂದ ಪೂಜೆ ನಡೆಯುತ್ತದೆ.

ಶಂಕೆ: ಹಿರಿಯರು ಕಟ್ಟಿಸಿದ ಜಗಲಿಯನ್ನು ಬಿಟ್ಟು ಹೋದರೆ ಮನೆತನದ ಆಚಾರಕ್ಕೆ ಲೋಪ ಬಾರದೆ?

ಸಮಾಧಾನ: ಬಾರದು. ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೂ, ಅಲ್ಲಿಂದ ಮಂಗಳವೇಢೆಗೂ, ಆಮೇಲೆ ಕಲ್ಯಾಣಕ್ಕೂ ಹೋದರು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ಬಂದು, ಶ್ರೀಶೈಲಕ್ಕೆ ನಡೆದರು. ಕಲ್ಯಾಣದಲ್ಲಿ ವಿಪ್ಲವವಾದ ಮೇಲೆ ಚನ್ನಬಸವಣ್ಣನವರೇ ಮೊದಲಾದ ಶರಣರು ಉಳವಿಯ ಕಾಡುದಾರಿ ಹಿಡಿದರು. ಇವರಲ್ಲಿ ಯಾರ ಲಿಂಗಾಚಾರವೂ ಮನೆ ಬದಲಾದುದರಿಂದ ಕುಂದಲಿಲ್ಲ.

ಆಷಾಢದ ಭಯವನ್ನೂ ಇಲ್ಲಿಯೇ ವಿಚಾರಿಸಬೇಕು. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮನೆ ಬದಲಿಸಬಾರದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಬಲವಾಗಿದೆ. ಆದುದರಿಂದ ಆ ತಿಂಗಳುಗಳಲ್ಲಿ ಮನೆ ಕೇಳಿ ಬರುವವರು ಕಡಿಮೆ; ಖಾಲಿ ಬಿದ್ದ ಮನೆಯ ಒಡೆಯರು ಅಲ್ಪಕಾಲದವರಿಗೂ ಒಪ್ಪುವ ಸಂಭವ ಹೆಚ್ಚು. ಶಾಲೆ ತೆರೆಯುವ ಮುನ್ನ ಮೇ ತಿಂಗಳಲ್ಲಿ ಸ್ಥಿತಿ ಇದಕ್ಕೆ ವಿರುದ್ಧ. ವಾರ, ತಿಥಿ, ನಕ್ಷತ್ರಗಳ ಅಂಜಿಕೆಯನ್ನು ಶರಣರು ಒಪ್ಪಲಿಲ್ಲ. ಅವರ ಮಾತನ್ನು ನಂಬಿದ ಭಕ್ತನು ಆಷಾಢದಲ್ಲಿ ನಿಶ್ಚಿಂತೆಯಿಂದ ಹಾಲುಕ್ಕಿಸಬಹುದು. ಇಲ್ಲಿ ನಂಬಿಕೆಯೂ ವ್ಯವಹಾರವೂ ಒಂದೇ ದಾರಿಯನ್ನು ತೋರಿಸುತ್ತವೆ.

ಸದಾಚಾರ

ಸತ್ಯಶುದ್ಧವಾದ ನುಡಿ ಮತ್ತು ಗಳಿಕೆ ಸದಾಚಾರದ ತಿರುಳು. ಈ ಪ್ರಸಂಗದಲ್ಲಿ ಅದರ ಪರೀಕ್ಷೆ ಒಂದೇ ಪ್ರಶ್ನೆಯಲ್ಲಿದೆ: “ಎಷ್ಟು ದಿನ ಇರುತ್ತೀರಿ?”

ಒಡೆಯರು ಅಲ್ಪಕಾಲದ ಬಾಡಿಗೆದಾರರನ್ನು ಬಯಸದಿರುವುದಕ್ಕೆ ಕಾರಣವಿದೆ. ಪ್ರತಿಸಲವೂ ಸುಣ್ಣಬಣ್ಣ, ದಲ್ಲಾಳಿಯ ಅಲೆದಾಟ, ಮನೆ ಖಾಲಿ ಬಿದ್ದ ತಿಂಗಳ ನಷ್ಟ ಅವರ ಪಾಲಿಗೆ ಬರುತ್ತವೆ. ಸುಳ್ಳು ಹೇಳುವವನು ಈ ನಷ್ಟವನ್ನು ಅವರಿಗೆ ತಿಳಿಯದಂತೆ ಅವರ ಮೇಲೆ ಹೊರಿಸುತ್ತಾನೆ. ಸತ್ಯವಂತನು, “ನಮಗೆ ಐದಾರು ತಿಂಗಳು ಸಾಕು, ಬಣ್ಣದ ಖರ್ಚನ್ನು ನಾವು ಕೊಡುತ್ತೇವೆ, ಬಿಡುವ ಒಂದು ತಿಂಗಳು ಮೊದಲೇ ತಿಳಿಸುತ್ತೇವೆ” ಎಂದು ಮೊದಲೇ ಹೇಳಿ ತನ್ನ ಭಾರವನ್ನು ತಾನೇ ಹೊರುತ್ತಾನೆ. ನಾಲ್ಕು ಮನೆಯವರು ಒಲ್ಲೆನೆಂದರೆ ಐದನೆಯವರು ಒಪ್ಪುತ್ತಾರೆ. ಮುಂದೆ ಕೆಡವಿ ಕಟ್ಟಬೇಕೆಂದು ಕಾದಿರುವ ಮನೆ, ಮಕ್ಕಳು ಪರದೇಶದಲ್ಲಿರುವ ಹಿರಿಯರ ಮಹಡಿ, ಮಾರಾಟಕ್ಕಿಟ್ಟು ಇನ್ನೂ ಗಿರಾಕಿ ಬಾರದ ಮನೆ, ಇವುಗಳ ಒಡೆಯರಿಗೆ ಅಲ್ಪಕಾಲದವರೇ ಅನುಕೂಲ.

ಇದಕ್ಕೂ ಮೊದಲು ಯೋಚಿಸತಕ್ಕದ್ದೊಂದಿದೆ. ಮಾರುವಾಗಲೇ ಕೊಳ್ಳುವವರೊಡನೆ ಮಾತನಾಡಿ, ನೋಂದಣಿಯಾದ ಮೇಲೆಯೂ ಕೆಲವು ತಿಂಗಳು ಅದೇ ಮನೆಯಲ್ಲಿ ಬಾಡಿಗೆ ಕೊಟ್ಟು ಇರಲು ಒಪ್ಪಿಗೆ ಪಡೆದರೆ ಸಾಮಾನನ್ನು ಎರಡು ಸಲ ಸಾಗಿಸುವ ಕಷ್ಟ ತಪ್ಪುತ್ತದೆ. ಬಾಡಿಗೆ, ಅವಧಿ, ಬಿಡುವ ದಿನ ಇವು ಬರಹದಲ್ಲಿರಬೇಕು. ಆ ದಿನ ಬಂದಾಗ “ನಿನ್ನೆಯವರೆಗೆ ನಮ್ಮದೇ ಆಗಿತ್ತಲ್ಲ” ಎಂಬ ಮಾತು ಬಾಯಿಗೆ ಬರಬಾರದು.

ಇನ್ನು ಲೆಕ್ಕ. ಬಾಡಿಗೆ ತಿಂಗಳಿಗೆ 15,000 ರೂಪಾಯಿ, ವಾಸ ಐದು ತಿಂಗಳು ಎಂದಿಟ್ಟುಕೊಳ್ಳೋಣ. ಬಾಡಿಗೆಯ ಮೊತ್ತ 75,000. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದರೆ, ದಲ್ಲಾಳಿಗೆ ಇನ್ನೊಂದು ತಿಂಗಳದ್ದು ಹೋದರೆ, ಒಟ್ಟು 1,05,000. ಅಂದರೆ ತಿಂಗಳಿಗೆ ಬಿದ್ದುದು 21,000. ಅಲ್ಪಕಾಲದ ವಾಸದಲ್ಲಿ ಕೇಳಿದ ಬಾಡಿಗೆ ಬೇರೆ, ತೆರುವ ಬಾಡಿಗೆ ಬೇರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿಯೂ ಉಂಟು. ಐದು ತಿಂಗಳಿರುವವನು ಕಡಿಮೆ ಮುಂಗಡಕ್ಕೆ ಕೇಳಿಕೊಳ್ಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.

ಭೋಗ್ಯದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ದೊಡ್ಡ ಮೊತ್ತವನ್ನು ಒಮ್ಮೆಲೇ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವುದು ಆ ಪದ್ಧತಿ. ಮನೆ ಮಾರಿದ ಹಣ ಕೈಯಲ್ಲಿರುವವರಿಗೆ ಇದು ಲಾಭವೆಂದು ತೋರುತ್ತದೆ. ಆದರೆ ಒಡೆಯರು ಆ ಹಣವನ್ನು ಬೇರೆಡೆ ತೊಡಗಿಸಿರುತ್ತಾರೆ; ಮುಂದಿನ ಭೋಗ್ಯದಾರರು ಬಂದ ಹೊರತು ಅನೇಕ ವೇಳೆ ಅದು ಹಿಂದಿರುಗದು. ನಮ್ಮ ನೋಂದಣಿಯ ದಿನ ಬಂದಾಗ ನಮ್ಮ ಹಣ ಪರರ ಕೈಯಲ್ಲಿರುತ್ತದೆ. ನಡುಗಾಲಕ್ಕೆ ತಿಂಗಳ ಬಾಡಿಗೆಯೇ ಲೇಸು.

ಕರಾರುಪತ್ರ ಅವಶ್ಯ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಣಿ ಬೇಕಾಗುವುದರಿಂದ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಅವಧಿಗೆ ಮುಂಚೆ ಬಿಟ್ಟರೆ ದಂಡವೆಂಬ ಷರತ್ತು ಅದರಲ್ಲಿದೆಯೇ ಎಂದು ಓದಿ ನೋಡಿ, ಇದ್ದರೆ ತೆಗೆಸಿ, “ಒಂದು ತಿಂಗಳ ಸೂಚನೆಯ ಮೇಲೆ ಬಿಡಬಹುದು” ಎಂದು ಸೇರಿಸತಕ್ಕದ್ದು.

ಅವಸರಪಡುವವರು ತಿಳಿಯಬೇಕಾದುದು ಇನ್ನೊಂದು. ಬಹುಕಾಲ ತಮ್ಮದಾಗಿದ್ದ ಮನೆಯನ್ನು ಮಾರಿ ಬಂದ ಲಾಭಕ್ಕೆ ತೆರಿಗೆಯ ವಿನಾಯಿತಿ ಬೇಕಾದರೆ, ಮಾರಿದ ಎರಡು ವರ್ಷದೊಳಗೆ ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಿಸಲು ಆದಾಯ ತೆರಿಗೆಯ ಕಾನೂನು ಅವಕಾಶವಿತ್ತಿದೆ. ತೆರಿಗೆಯ ವಿವರ ಸಲ್ಲಿಸುವ ಗಡುವಿನೊಳಗೆ ಬಳಸದೆ ಉಳಿದ ಹಣವನ್ನು ಬ್ಯಾಂಕಿನಲ್ಲಿ ಇದಕ್ಕೆಂದೇ ಇರುವ ಬಂಡವಾಳ ಲಾಭದ ಖಾತೆಯಲ್ಲಿ ಇಡಬೇಕು. ಲೆಕ್ಕಪರಿಶೋಧಕರನ್ನು ಕೇಳಿ ನಡೆಯುವುದು ಒಳ್ಳೆಯದು. ಆದುದರಿಂದ ಪತ್ರಗಳನ್ನು ಸಾವಧಾನವಾಗಿ ನೋಡಲು ಕಾಲವಿದೆ.

ಶಿವಾಚಾರ

ಶಿವಭಕ್ತರಲ್ಲಿ ಜಾತಿಭೇದವೆಣಿಸದಿರುವುದು ಶಿವಾಚಾರ. ಈ ಮಾತು ಬಾಡಿಗೆ ಕೇಳುವವರಿಗಿಂತ ಕೊಡುವವರಿಗೆ ಹೆಚ್ಚು ಅನ್ವಯಿಸುತ್ತದೆ. ನಮ್ಮ ಓದುಗರಲ್ಲಿ ಅನೇಕರಿಗೆ ಬಾಡಿಗೆಗೆ ಕೊಡುವ ಮನೆಗಳಿವೆ. ಬಾಗಿಲಿಗೆ ಬಂದವರನ್ನು ಯಾರ ಕಡೆಯವರೆಂದು ಕೇಳುವುದನ್ನು ಕುರಿತ ಬಸವಣ್ಣನವರ ವಚನ ನಮ್ಮ ಮಕ್ಕಳಿಗೂ ಬಾಯಿಪಾಠ. ಬಾಡಿಗೆಗೆ ಬಂದವರ ಮುಂದೆ ಮಾತ್ರ ಹಿರಿಯರಿಗೇ ಅದು ಮರೆತುಹೋಗುತ್ತದೆ. ಹೆಸರಿನ ಹಿಂದೆ ಕುಲವನ್ನು ಹುಡುಕುವ ಪ್ರಶ್ನೆಗಳು ಮೊದಲಾಗುತ್ತವೆ. ಬಾಡಿಗೆ ಸಲ್ಲಿಸಬಲ್ಲರೇ, ಮನೆಯನ್ನು ಜೋಪಾನ ಮಾಡುವರೇ ಎಂದು ಕೇಳುವುದು ನ್ಯಾಯ. ಕುಲವನ್ನು ಕೇಳಿದರೆ ಬೆಳಿಗ್ಗೆ ಹೇಳಿದ ವಚನವನ್ನು ಸಂಜೆ ಅಲ್ಲಗಳೆದಂತೆ.

ಭೃತ್ಯಾಚಾರ

ನಿನ್ನೆಯವರೆಗೆ ಸ್ವಂತ ಮನೆಯಲ್ಲಿದ್ದವರಿಗೆ ಪರರ ಮನೆಯ ಕಟ್ಟಳೆಗಳು ಮುಳ್ಳಿನಂತೆ ತೋರುವುದು ಸಹಜ. ಭೃತ್ಯಭಾವವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕಾಲ ದೊರೆಯದು. ಕೇಳದೆ ಗೋಡೆಗೆ ಮೊಳೆ ಹೊಡೆಯಬಾರದು. ನೀರನ್ನು ಮಿತವಾಗಿ ಬಳಸಬೇಕು. ಬೇಕಾದಷ್ಟು ಪಾತ್ರೆ, ಹಾಸಿಗೆ, ಪುಸ್ತಕಗಳನ್ನು ಮಾತ್ರ ಬಿಚ್ಚಿ, ಉಳಿದುದನ್ನು ಕಟ್ಟಿಯೇ ಇಡಬಹುದು. ಬಿಚ್ಚದ ಗಂಟುಗಳನ್ನು ನೋಡಿದಾಗ, ಎಷ್ಟು ಕಡಿಮೆಯಲ್ಲಿ ಸಂಸಾರ ನಡೆಯುತ್ತದೆಂಬುದು ತಾನಾಗಿ ತಿಳಿಯುತ್ತದೆ. ವೃದ್ಧರಿದ್ದರೆ ಮೆಟ್ಟಿಲಿಲ್ಲದ, ಪರಿಚಿತ ಬೀದಿಗೆ ಸಮೀಪವಾದ ಮನೆಯನ್ನು ಆರಿಸುವುದೂ ಭೃತ್ಯಾಚಾರವೇ.

ಗಣಾಚಾರ

ಅನ್ಯಾಯವನ್ನು ಕಂಡು ಸುಮ್ಮನಿರದಿರುವುದು ಗಣಾಚಾರ. ಮುಂಗಡವನ್ನು ಹಿಂದಿರುಗಿಸದೆ ಸತಾಯಿಸುವುದು ಅನ್ಯಾಯ. ಅದನ್ನು ತಡೆಯುವ ಉಪಾಯ ಮೊದಲ ದಿನವೇ ನಡೆಯಬೇಕು. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ಒಡೆಯರ ಎದುರಿನಲ್ಲಿ ಗೋಡೆ, ನಲ್ಲಿ, ಬಾಗಿಲುಗಳ ಚಿತ್ರ ತೆಗೆದಿಡಿ. ವಿದ್ಯುತ್ ಮೀಟರಿನ ಅಂಕೆಯನ್ನು ಬರೆದು ಇಬ್ಬರೂ ರುಜು ಹಾಕಿ. ಬಿಡುವಾಗಲೂ ಹಾಗೆಯೇ ಮಾಡಿ.

ಗಣವೆಂದರೆ ಸಮೂಹವೂ ಹೌದು. ಊರಿನ ಭಕ್ತರು ಶಿವಾನುಭವಗೋಷ್ಠಿಗೆ ಸೇರಿದಾಗ, ಯಾರ ಮನೆ ಖಾಲಿಯಿದೆ, ಯಾರಿಗೆ ನಾಲ್ಕು ತಿಂಗಳ ಆಸರೆ ಬೇಕಾಗಿದೆ ಎಂಬುದನ್ನು ಪರಸ್ಪರ ತಿಳಿಸುವುದಾದರೆ ಎಷ್ಟೋ ಸಂಸಾರಗಳ ಅಲೆದಾಟ ತಪ್ಪುತ್ತದೆ. ಖಾಲಿ ಬಿದ್ದ ಕೋಣೆಯನ್ನು ನ್ಯಾಯವಾದ ಬಾಡಿಗೆಗೆ, ಹಗುರಾದ ಮುಂಗಡಕ್ಕೆ ಕೊಡುವುದು ದಾಸೋಹಭಾವದ ಕಾರ್ಯವೇ.

ಭಕ್ತರು ಅವಧಿಯನ್ನು ಸತ್ಯವಾಗಿ ನುಡಿದು, ನುಡಿದುದನ್ನು ಬರೆಸಿ, ಬರೆಸಿದಂತೆ ನಡೆದು, ಪರರ ಮನೆಯನ್ನು ಕಂಡದ್ದಕ್ಕಿಂತ ಚೊಕ್ಕಟವಾಗಿ ಒಪ್ಪಿಸಿ ಹೊರಡಲಿ. ಹೊಸ ಮನೆ ಯಾವಾಗ ಬಂದರೂ ಬರಲಿ, ನಿತ್ಯದ ಲಿಂಗಪೂಜೆ ಅದಕ್ಕಾಗಿ ಕಾಯಬೇಕಾಗಿಲ್ಲ.