ಗೆರೆ, ಯಾದಿ, ಮತ: ಕಾರವಾರ ವಿಧಾನಸಭಾ ಕ್ಷೇತ್ರವನ್ನು ಅರಿಯುವ ಬಗೆ

ಉತ್ತರಕ್ಕೆ ಗೋವೆಯ ಗಡಿಯನ್ನು ತಾಗಿಕೊಂಡಿರುವ ಮಾಜಾಳಿಯಿಂದ ದಕ್ಷಿಣಕ್ಕೆ ಗಂಗಾವಳಿ ನದಿಯ ದಂಡೆಯವರೆಗೆ, ಪಶ್ಚಿಮಕ್ಕೆ ಅರಬ್ಬೀ ಸಮುದ್ರದಿಂದ ಪೂರ್ವಕ್ಕೆ ಕೈಗಾದ ಕಾಡು ಮತ್ತು ಅರಬೈಲು ಘಟ್ಟದ ಬುಡದವರೆಗೆ ಹರಡಿಕೊಂಡಿರುವ ಕಾರವಾರ, ಅಂಕೋಲಾ ಎಂಬ ಎರಡು ತಾಲ್ಲೂಕುಗಳು ಕೂಡಿ ಆಗಿರುವುದೇ ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳ ಪೈಕಿ 77ನೆಯದಾದ ಕಾರವಾರ ಕ್ಷೇತ್ರ. 2023ರ ಮೇ ತಿಂಗಳ ಚುನಾವಣೆಯಲ್ಲಿ ಇಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಉಳಿದ ಅಂತರ 2138 ಮತಗಳು ಮಾತ್ರ. ಯಾದಿಯಲ್ಲಿ ಹೆಸರಿಲ್ಲದೆ ಮತಗಟ್ಟೆಯಿಂದ ಹಿಂದಿರುಗಿದವರೂ, ಮನೆ ಬದಲಿಸಿ ಹೆಸರನ್ನು ಹಳೆಯ ಊರಿನಲ್ಲಿಯೇ ಬಿಟ್ಟವರೂ ಇಂತಹ ಅಂತರದ ಎದುರಿಗೆ ಅಲ್ಪರೆನಿಸಿಕೊಳ್ಳಲಾರರು. ಪ್ರಾತಿನಿಧ್ಯವೆಂಬುದು ಒಂದು ಬೆಳಗಿನ ಕೆಲಸವಲ್ಲ; ಅದಕ್ಕೆ ಆರು ಮೆಟ್ಟಿಲುಗಳುಂಟು, ಮತದಾನದ ದಿನವು ಅವುಗಳಲ್ಲಿ ಐದನೆಯದು. ಆ ಆರನ್ನೂ ಕ್ರಮವಾಗಿ ಹತ್ತುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

1. ನೀವು ಯಾವ ಯಾವ ಕ್ಷೇತ್ರದವರೆಂದು ತಿಳಿದುಕೊಳ್ಳಿರಿ

ಒಬ್ಬನೇ ಮತದಾರನು ಏಕಕಾಲಕ್ಕೆ ಹಲವು ಕ್ಷೇತ್ರಗಳಿಗೆ ಸೇರಿದವನಾಗಿರುತ್ತಾನೆ. ಬೇಲೇಕೇರಿಯ ಗೃಹಸ್ಥನೊಬ್ಬನು ಗ್ರಾಮ ಪಂಚಾಯತಿಗೆ ತನ್ನ ವಾರ್ಡಿನಿಂದ, ವಿಧಾನಸಭೆಗೆ ಕಾರವಾರ ಕ್ಷೇತ್ರದಿಂದ, ಲೋಕಸಭೆಗೆ ಉತ್ತರ ಕನ್ನಡ ಕ್ಷೇತ್ರದಿಂದ ಮತ ನೀಡುವನು. 2008ರವರೆಗೆ ಕೆನರಾ ಎಂದು ಕರೆಯಲ್ಪಡುತ್ತಿದ್ದ ಈ ಲೋಕಸಭಾ ಕ್ಷೇತ್ರದಿಂದಲೇ 1967ರಲ್ಲಿ ಅಂಕೋಲೆಯವರಾದ ಚುಟುಕು ಕವಿ ದಿನಕರ ದೇಸಾಯಿಯವರು ಪಕ್ಷೇತರರಾಗಿ ಆರಿಸಿಬಂದಿದ್ದರು. ಈಗ ಅದರೊಳಗೆ ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ ಎಂಬ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳೊಡನೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರುಗಳೂ ಸೇರಿರುವುವು.

ಪದವೀಧರರಿಗೆ ಇನ್ನೂ ಒಂದು ಮತವಿದೆ. ವಿಧಾನ ಪರಿಷತ್ತಿನ ಕರ್ನಾಟಕ ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸಂಗಡ ಉತ್ತರ ಕನ್ನಡವೂ ಇದೆ. ಅದರ ಯಾದಿಯು ಬೇರೆಯೇ. ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧವಾಗತಕ್ಕುದು. ಪದವಿ ಪಡೆದು ಮೂರು ವರ್ಷಗಳಾದವರು ನಮೂನೆ 18ನ್ನು ತುಂಬಿಕೊಡಬೇಕು. ವಿಧಾನಸಭೆಯ ಯಾದಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅದರಲ್ಲಿಯೂ ಇರುವುದೆಂದು ಭಾವಿಸಲಾಗದು.

2. ಗೆರೆಯನ್ನು ಎಳೆಯುವವರು ಯಾರೆಂದು ಅರಿಯಿರಿ

1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ, 1952ರ ಮೊದಲ ಮಹಾಚುನಾವಣೆಯಲ್ಲಿ ಇಲ್ಲಿಯ ಜನ ಆರಿಸಿದುದು ಮುಂಬಯಿ ಶಾಸನಸಭೆಯ ಸದಸ್ಯರನ್ನು. 1957ರಿಂದ ಮೈಸೂರು ವಿಧಾನಸಭೆಗೆ ಪ್ರತಿನಿಧಿಗಳು ಹೋಗತೊಡಗಿದರು. ಆ ಸಭೆಯ ಸ್ಥಾನಗಳು ಮೊದಲು 208, ಬಳಿಕ 216, 1978ರಿಂದ 224. ಸಂವಿಧಾನದ 42ನೆಯ ತಿದ್ದುಪಡಿಯು ಕ್ಷೇತ್ರಗಳ ಲೆಕ್ಕವನ್ನು 1971ರ ಜನಗಣತಿಗೆ ಕಟ್ಟಿಹಾಕಿದುದರಿಂದ, ಊರುಗಳು ಬೆಳೆದರೂ ಅಣೆಕಟ್ಟು, ಬಂದರು, ಅಣುಸ್ಥಾವರಗಳು ಬಂದು ಜನವಸತಿಯೇ ಸ್ಥಳಾಂತರಗೊಂಡರೂ ನಕಾಶೆಯ ಗೆರೆಗಳು ಮಾತ್ರ 2004ರ ಚುನಾವಣೆಯವರೆಗೂ ಕದಲಲಿಲ್ಲ.

ಆ ಕಾಲದಲ್ಲಿ ಅಂಕೋಲಾ ಎಂಬ ಹೆಸರಿನ ಪ್ರತ್ಯೇಕ ಕ್ಷೇತ್ರವೇ ಇದ್ದಿತು. ವಿಶ್ವೇಶ್ವರ ಹೆಗಡೆ ಕಾಗೇರಿಯವರು 1994, 1999 ಮತ್ತು 2004ರಲ್ಲಿ ಗೆದ್ದುದು ಅಲ್ಲಿಂದಲೇ. ಶಿರಸಿಯು ಆಗ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದಿತು. 2002ರ ಪುನರ್ವಿಂಗಡಣಾ ಕಾಯಿದೆಯ ಮೇರೆಗೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯನ್ನಾಧರಿಸಿ ಗೆರೆಗಳನ್ನು ಮತ್ತೆ ಎಳೆಯಿತು. ಅಂಕೋಲಾ ಎಂಬ ಕ್ಷೇತ್ರನಾಮವು ಅಳಿಸಿಹೋಗಿ, ಯಲ್ಲಾಪುರವೆಂಬುದು ಹುಟ್ಟಿ, ಶಿರಸಿಯು ಸಾಮಾನ್ಯ ಕ್ಷೇತ್ರವಾಯಿತು. ಹೊಸ ವಿಂಗಡಣೆ ಜಾರಿಗೆ ಬಂದ ಬಳಿಕ ದೇಶದಲ್ಲಿ ಮೊದಲು ನಡೆದ ವಿಧಾನಸಭಾ ಚುನಾವಣೆಯೇ 2008ರ ಮೇ ತಿಂಗಳ ಕರ್ನಾಟಕದ ಚುನಾವಣೆ.

ಈ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಬಹುದು. 2001ರಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 5 ಕೋಟಿ 28 ಲಕ್ಷ. ಅದನ್ನು 224ರಿಂದ ಭಾಗಿಸಿದರೆ ಕ್ಷೇತ್ರವೊಂದಕ್ಕೆ ಸರಾಸರಿ 2 ಲಕ್ಷ 36 ಸಾವಿರ. ಉತ್ತರ ಕನ್ನಡದ ಅಂದಿನ ಜನಸಂಖ್ಯೆ 13 ಲಕ್ಷ 53 ಸಾವಿರ. ಇದನ್ನು ಆ ಸರಾಸರಿಯಿಂದ ಭಾಗಿಸಿದಾಗ ಬರುವುದು ಐದೂಮುಕ್ಕಾಲಿನ ಆಸುಪಾಸು. ಆದುದರಿಂದ ಜಿಲ್ಲೆಗೆ ಆರು ಕ್ಷೇತ್ರಗಳು. ಇಲ್ಲಿ ಎಣಿಕೆಯಾಗುವುದು ಮತದಾರರಲ್ಲ, ತೊಟ್ಟಿಲ ಕೂಸೂ ಸೇರಿದಂತೆ ಎಲ್ಲ ಜನರು ಎಂಬುದನ್ನು ಗಮನಿಸಬೇಕು. ಇಷ್ಟಾದ ಮೇಲೆ ಭೂಪ್ರದೇಶವು ಒಂದಕ್ಕೊಂದು ಹೊಂದಿಕೊಂಡಿರಬೇಕು, ನದಿ ಬೆಟ್ಟಗಳಂತಹ ಸ್ವಾಭಾವಿಕ ಲಕ್ಷಣಗಳನ್ನೂ ತಾಲ್ಲೂಕಿನ ಎಲ್ಲೆಗಳನ್ನೂ ಸಂಚಾರದ ಸೌಕರ್ಯವನ್ನೂ ಗಮನದಲ್ಲಿರಿಸಿಕೊಳ್ಳಬೇಕು ಎಂದು ಕಾಯಿದೆ ವಿಧಿಸುವುದು. ಮನೆಯಲ್ಲಿ ಕೊಂಕಣಿಯಾಡುವ ಸದಾಶಿವಗಡದವರೂ ಕನ್ನಡವಾಡುವ ಹಿಲ್ಲೂರಿನವರೂ ಒಬ್ಬರೇ ಶಾಸಕರನ್ನು ಆರಿಸುವುದಕ್ಕೆ ಕಾರಣ ಈ ಲೆಕ್ಕವಲ್ಲದೆ ಬೇರೆಯಲ್ಲ.

ಮುಂದಿನ ಪುನರ್ವಿಂಗಡಣೆಗೆ ಸಂವಿಧಾನವು ಗೊತ್ತುಮಾಡಿರುವ ಆಧಾರವು 2026ರ ನಂತರದ ಮೊದಲ ಜನಗಣತಿ. ಕಳೆದ ಬಾರಿಯಂತೆ ಕರಡು ಪ್ರಸ್ತಾವವು ರಾಜ್ಯಪತ್ರದಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಪ್ರಕಟವಾಗಿ ಆಕ್ಷೇಪಣೆಗಳಿಗೆ ಗಡುವು ಕೊಡಲ್ಪಟ್ಟು, ಬಹಿರಂಗ ಸಭೆಗಳು ನಡೆದರೆ, ನಾಗರಿಕನ ಮಾತಿಗೆ ಕಿವಿ ತೆರೆದಿರುವ ಕಾಲ ಅದೊಂದೇ; ಅಂತಿಮ ಆಜ್ಞೆಗೆ ಕಾನೂನಿನ ಬಲ ಬರುವುದರಿಂದ ಅನಂತರ ನ್ಯಾಯಾಲಯದ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಆಕ್ಷೇಪಣೆ ಬರೆಯುವವರು ಗ್ರಾಮದ ಹೆಸರು, ಜನಸಂಖ್ಯೆ, ದಾಟಬೇಕಾದ ಹೊಳೆ, ಬಸ್ಸಿನ ಮಾರ್ಗ ಇವುಗಳನ್ನು ತಿಳಿಸಿ, ಆ ಗ್ರಾಮವನ್ನು ತೆಗೆದರೆ ಕೊರತೆಯನ್ನು ಎಲ್ಲಿಂದ ತುಂಬಬಹುದೆಂಬುದನ್ನೂ ಸೂಚಿಸಬೇಕು. ಕೇವಲ ಅಭಿಮಾನದ ಮಾತು ಭಾಗಾಕಾರದ ಎದುರಿಗೆ ನಿಲ್ಲದು.

3. ಯಾದಿಯಲ್ಲಿ ಹೆಸರಿದೆಯೇ ನೋಡಿರಿ

ಮತದಾರರ ಗುರುತಿನ ಚೀಟಿ ಕಿಸೆಯಲ್ಲಿದ್ದರೆ ಮತವಿದೆಯೆಂಬುದು ತಪ್ಪು ಕಲ್ಪನೆ. ಯಾದಿಯಲ್ಲಿ ಹೆಸರಿಲ್ಲದ ಚೀಟಿಗೆ ಬೆಲೆಯಿಲ್ಲ. ಚುನಾವಣಾ ಆಯೋಗದ ಜಾಲತಾಣದಲ್ಲಿಯಾಗಲಿ, ದೂರವಾಣಿ 1950ರಲ್ಲಿಯಾಗಲಿ, ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿಯ ಬಳಿಯಾಗಲಿ ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ನೋಡಿಕೊಳ್ಳಬಹುದು. ಹೊಸದಾಗಿ ಸೇರಲು ನಮೂನೆ 6. ಮೃತರ ಅಥವಾ ಊರು ಬಿಟ್ಟವರ ಹೆಸರನ್ನು ತೆಗೆಸಲು ನಮೂನೆ 7. ತಪ್ಪು ತಿದ್ದಿಸಲು, ವಿಳಾಸ ಬದಲಿಸಲು, ಹೊಸ ಚೀಟಿ ಪಡೆಯಲು ನಮೂನೆ 8. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳುಗಳ ಮೊದಲ ದಿನಾಂಕಗಳಲ್ಲಿ ಯಾವುದಕ್ಕಾದರೂ 18 ತುಂಬುವವರು ಅರ್ಹರು; 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು.

ನಮ್ಮ ಕರಾವಳಿಗೆ ವಿಶೇಷವಾಗಿ ಅನ್ವಯಿಸುವ ಮೂರು ಮಾತುಗಳಿವೆ. ಮೀನುಗಾರಿಕೆಗೆಂದು ವಾರಗಟ್ಟಲೆ ಕಡಲಿನಲ್ಲಿರುವವನಾಗಲಿ, ಗೋವೆಗೆ ದುಡಿಮೆಗೆ ಹೋಗಿ ಬರುವವನಾಗಲಿ ತಾತ್ಕಾಲಿಕವಾಗಿ ಊರಿನಲ್ಲಿಲ್ಲವೆಂಬ ಕಾರಣಕ್ಕೆ ಆ ಊರಿನ ನಿವಾಸಿತ್ವವನ್ನು ಕಳೆದುಕೊಳ್ಳನು. ಇದಕ್ಕೆ ಪ್ರತಿಯಾಗಿ, ಮುಂಬಯಿಯಲ್ಲಿ ನೆಲೆಸಿ ಗಣೇಶ ಚೌತಿಗೆ ಮಾತ್ರ ಬಂದುಹೋಗುವವರಿಗೆ ಕಾರವಾರದಲ್ಲಿ ಪೂರ್ವಿಕರ ಮನೆಯಿದೆಯೆಂಬ ಒಂದೇ ಕಾರಣದಿಂದ ಇಲ್ಲಿಯ ಮತ ದೊರೆಯದು. ಎರಡು ಕಡೆ ಹೆಸರಿಟ್ಟುಕೊಳ್ಳುವುದಂತೂ ನಿಷಿದ್ಧ. ಇನ್ನು ಸೀಬರ್ಡ್ ನೌಕಾನೆಲೆಗಾಗಿ ಅರಗಾ ಮುಂತಾದ ಹಳ್ಳಿಗಳನ್ನು ತೊರೆದು ಪುನರ್ವಸತಿಗೆ ಬಂದ ಕುಟುಂಬಗಳಂತೆ ಮನೆ ಬದಲಿಸಿದವರು, ಅದೇ ಕ್ಷೇತ್ರದೊಳಗೆ ಬದಲಿಸಿದ್ದರೂ, ನಮೂನೆ 8ರಿಂದ ಹೊಸ ಮತಗಟ್ಟೆಗೆ ಹೆಸರನ್ನು ಒಯ್ಯಬೇಕು.

ಅರ್ಜಿ ತಿರಸ್ಕೃತವಾದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ನಾಮಪತ್ರ ಸಲ್ಲಿಕೆಯ ಕಡೆಯ ದಿನ ಕಳೆದರೆ ಆ ಚುನಾವಣೆಗೆ ಯಾದಿ ಮುಚ್ಚಿಹೋಗುವುದು. ಆದುದರಿಂದ ಚುನಾವಣೆ ಘೋಷಣೆಯಾಗಲೆಂದು ಕಾಯುವುದು ಜಾಣತನವಲ್ಲ.

4. ಉಮೇದುವಾರನನ್ನು ಓದಿರಿ

ವಿಧಾನಸಭೆಗೆ ನಿಲ್ಲುವವನಿಗೆ 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೊಂದು ಕ್ಷೇತ್ರದ ಮತದಾರನಾಗಿರಬೇಕು. ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಮಾನ್ಯತೆ ಪಡೆದ ಪಕ್ಷದವನಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಹತ್ತು ಮಂದಿ ಬೇಕು. ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲೂ ಬಾರದೆ ಸೋತವನಿಗೆ ಠೇವಣಿ ಹಿಂದಿರುಗದು. ಖರ್ಚಿನ ಮಿತಿ 40 ಲಕ್ಷ. ಪಕ್ಷೇತರನು ನೆಪಮಾತ್ರಕ್ಕೆ ನಿಲ್ಲುವವನೆಂದು ಎಣಿಸಬೇಕಾಗಿಲ್ಲ; 2013ರಲ್ಲಿ ಇದೇ ಕ್ಷೇತ್ರದಿಂದ ಸತೀಶ ಸೈಲ್ ಅವರು ಪಕ್ಷೇತರರಾಗಿಯೇ ಗೆದ್ದಿದ್ದರು.

ಪ್ರತಿಯೊಬ್ಬ ಉಮೇದುವಾರನೂ ನಮೂನೆ 26ರಲ್ಲಿ ತನ್ನ ಆಸ್ತಿ, ಸಾಲ, ವಿದ್ಯಾರ್ಹತೆ, ಮೊಕದ್ದಮೆಗಳ ವಿವರವನ್ನು ಪ್ರಮಾಣಪೂರ್ವಕವಾಗಿ ಸಲ್ಲಿಸತಕ್ಕುದು. ಚುನಾವಣಾಧಿಕಾರಿಯ ಕಚೇರಿಯ ಸೂಚನಾ ಫಲಕದಲ್ಲಿಯೂ ಆಯೋಗದ ಜಾಲತಾಣದಲ್ಲಿಯೂ ಅದು ಎಲ್ಲರ ಕಣ್ಣಿಗೆ ಬೀಳುವಂತಿರುವುದು. 2023ರಲ್ಲಿ ಏಪ್ರಿಲ್ 20ಕ್ಕೆ ನಾಮಪತ್ರ ಮುಗಿದು ಮೇ 10ಕ್ಕೆ ಮತದಾನವಾಯಿತು. ನಡುವಿನ ಇಪ್ಪತ್ತು ದಿನಗಳಲ್ಲಿ ಒಂದು ಸಂಜೆಯನ್ನು ಆ ಪ್ರಮಾಣಪತ್ರಗಳಿಗೆ ಮೀಸಲಿಡುವುದು ಹೆಚ್ಚಿನ ಮಾತಲ್ಲ.

5. ಮತಗಟ್ಟೆಯಲ್ಲಿ ನಡೆಯುವುದನ್ನು ತಿಳಿದು ಹೋಗಿರಿ

ಊರಿನ ಶಾಲೆಯ ಕೊಠಡಿಯೊಂದನ್ನು ಕಲ್ಪಿಸಿಕೊಳ್ಳಿರಿ. ಮಕ್ಕಳ ಬೆಂಚುಗಳನ್ನು ಗೋಡೆಗೆ ಸರಿಸಿ ಮೇಜುಗಳನ್ನು ಸಾಲಾಗಿ ಹಾಕಿರುವರು. ಮೊದಲನೆಯ ಅಧಿಕಾರಿಯು ಗುರುತಿನ ದಾಖಲೆಯನ್ನು ನೋಡಿ, ಏಜೆಂಟರಿಗೆ ಕೇಳಿಸುವಂತೆ ನಿಮ್ಮ ಹೆಸರನ್ನು ಗಟ್ಟಿಯಾಗಿ ಓದುವನು. ಎರಡನೆಯವನು ಎಡಗೈಯ ತೋರುಬೆರಳಿಗೆ ಮೈಸೂರಿನಲ್ಲಿ ತಯಾರಾಗುವ ಅಳಿಸಲಾಗದ ಶಾಯಿಯನ್ನು ಹಚ್ಚಿ, ದಾಖಲೆ ಪುಸ್ತಕದಲ್ಲಿ ಸಹಿ ಪಡೆದು ಚೀಟಿ ಕೊಡುವನು. ಮೂರನೆಯವನು ಆ ಚೀಟಿಯನ್ನು ಪಡೆದು ಯಂತ್ರವನ್ನು ಸಿದ್ಧಗೊಳಿಸುವನು. ಮರೆಯೊಳಗೆ ಹೋಗಿ ಮೆಚ್ಚಿದ ಹೆಸರಿನ ಎದುರಿನ ನೀಲಿ ಗುಂಡಿಯನ್ನು ಒತ್ತಿದಾಗ ಕೆಂಪು ದೀಪ ಬೆಳಗುವುದು. ಪಕ್ಕದ ವಿವಿ ಪ್ಯಾಟ್ ಕಿಟಕಿಯಲ್ಲಿ ಕ್ರಮಾಂಕ, ಹೆಸರು, ಚಿಹ್ನೆಗಳಿರುವ ಕಾಗದದ ಚೀಟಿಯು 7 ಸೆಕೆಂಡುಗಳ ಕಾಲ ಕಂಡು ಪೆಟ್ಟಿಗೆಗೆ ಬೀಳುವುದು. ಅನೇಕರು ಗುಂಡಿ ಒತ್ತಿದೊಡನೆಯೇ ತಿರುಗಿಬಿಡುತ್ತಾರೆ. ಆ ಏಳು ಸೆಕೆಂಡುಗಳನ್ನು ನಿಂತು ನೋಡತಕ್ಕುದು. ಯಾರೂ ಒಪ್ಪಿಗೆಯಾಗದಿದ್ದರೆ ಕಡೆಯ ಗುಂಡಿ ನೋಟಾ.

ನಿಮ್ಮ ಹೆಸರಿನಲ್ಲಿ ಆಗಲೇ ಬೇರೊಬ್ಬರು ಮತ ಹಾಕಿದ್ದರೆ ಸುಮ್ಮನೆ ಹಿಂದಿರುಗಬಾರದು. ಗುರುತನ್ನು ಸಾಬೀತುಪಡಿಸಿ ಕಾಗದದ ಟೆಂಡರ್ ಮತಪತ್ರವನ್ನು ಕೇಳಿ ಪಡೆಯಬಹುದು. ಮುಕ್ತಾಯದ ಹೊತ್ತಿಗೆ ಸರದಿಯಲ್ಲಿ ನಿಂತವರೆಲ್ಲರಿಗೂ ಮತದ ಹಕ್ಕುಂಟು. 85 ವರ್ಷ ದಾಟಿದವರೂ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರೂ ಅಧಿಸೂಚನೆ ಹೊರಟ ಐದು ದಿನಗಳೊಳಗೆ ನಮೂನೆ 12ಡಿ ಸಲ್ಲಿಸಿದರೆ ಮನೆಯಲ್ಲಿಯೇ ಮತ ನೀಡಬಹುದು.

6. ಫಲಿತಾಂಶದ ಮರುದಿನದಿಂದ

ಒಂದೇ ಒಂದು ಮತ ಹೆಚ್ಚು ಬಂದರೂ ಸಾಕು, ಉಮೇದುವಾರನು ಗೆದ್ದಂತೆಯೇ. ಒಟ್ಟು ಮತಗಳ ಅರ್ಧವನ್ನು ಪಡೆಯಬೇಕೆಂಬ ನಿಯಮವಿಲ್ಲ. ಫಲಿತಾಂಶದಲ್ಲಿ ಅಕ್ರಮವಿದೆಯೆಂದು ತೋರಿದರೆ 45 ದಿನಗಳೊಳಗೆ ಉಚ್ಚ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿಯನ್ನು ಸಾಮಾನ್ಯ ಮತದಾರನೂ ಸಲ್ಲಿಸಬಹುದು. ಸ್ಥಾನ ತೆರವಾದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ. 2008ರ ಮೇ ತಿಂಗಳಲ್ಲಿ ಆರಿಸಿಬಂದ ಆನಂದ ಅಸ್ನೋಟಿಕರ ಅವರು ರಾಜೀನಾಮೆಯಿತ್ತು ಬೇರೊಂದು ಪಕ್ಷವನ್ನು ಸೇರಿದುದರಿಂದ, ಕಾರವಾರ, ಅಂಕೋಲೆಯ ಜನ ಅದೇ ವರ್ಷದ ಡಿಸೆಂಬರ್ 27ರಂದು ಎರಡನೆಯ ಸಲ ಸಾಲಿನಲ್ಲಿ ನಿಂತು ಅವರನ್ನೇ ಮರಳಿ ಆರಿಸಿದರು.

ಶಾಸಕರಿಂದ ಏನನ್ನು ಕೇಳಬೇಕೆಂಬುದರಲ್ಲಿಯೂ ವಿವೇಚನೆ ಬೇಕು. ಕೈಗಾ ಅಣುಸ್ಥಾವರ, ಸೀಬರ್ಡ್, ರಾಷ್ಟ್ರೀಯ ಹೆದ್ದಾರಿ 66 ಇವು ಕೇಂದ್ರ ಸರ್ಕಾರಕ್ಕೆ ಸೇರಿದ ವಿಷಯಗಳು. ಇವುಗಳ ನಿರ್ಣಯಕ್ಕೆ ಲೋಕಸಭಾ ಸದಸ್ಯರನ್ನು ಹಿಡಿಯಬೇಕು. ಸರ್ಕಾರಿ ಆಸ್ಪತ್ರೆ, ಶಾಲೆ, ಕುಡಿಯುವ ನೀರು, ಒಳರಸ್ತೆಗಳು ರಾಜ್ಯದವು. ಇವುಗಳ ಕುರಿತು ಶಾಸಕರು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯನ್ನೆತ್ತಿ ಮಂತ್ರಿಗಳಿಂದ ಬಾಯಿಮಾತಿನ ಉತ್ತರವನ್ನು ಪಡೆಯಬಲ್ಲರು. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿಗಳ ಕಾಮಗಾರಿಗಳನ್ನು ಸೂಚಿಸುವ ಅಧಿಕಾರವೂ ಅವರಿಗುಂಟು. ಬಾಯಿಯಲ್ಲಿ ಕೇಳಿದ್ದು ಬಾಯಿಯಲ್ಲಿಯೇ ಉಳಿಯುವುದರಿಂದ, ಊರಿನ ಹೆಸರು, ಕೆಲಸದ ವಿವರ, ತಾರೀಖುಗಳೊಡನೆ ಬರೆದು ಕೊಟ್ಟು, ಸ್ವೀಕೃತಿಯ ಮುದ್ರೆ ಪಡೆದು, ಒಂದು ಪ್ರತಿಯನ್ನು ಇಟ್ಟುಕೊಳ್ಳುವುದು ಲೇಸು.

1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿ, ಅನಂತರ ಕರ ಕೊಡೆವೆಂದು ಹೊಲಮನೆಗಳನ್ನು ಕಳೆದುಕೊಂಡು ಕರ್ನಾಟಕದ ಬಾರ್ಡೋಲಿಯೆಂಬ ಹೆಸರನ್ನು ಗಳಿಸಿದ ಅಂಕೋಲೆಯ ರೈತರಿಗೆ ತಮ್ಮ ಮೇಲೆ ಕರ ಹೇರುತ್ತಿದ್ದವರನ್ನು ಬದಲಿಸುವ ಮತವಿರಲಿಲ್ಲ. ಅವರ ಮೊಮ್ಮಕ್ಕಳಿಗೆ ಅದು ಇದೆ. ಒಂದು ಅರ್ಜಿಯ ನಮೂನೆಯನ್ನು ತುಂಬುವಷ್ಟು ಶ್ರಮವನ್ನು ಮಾತ್ರ ಅದು ಬೇಡುವುದು. ಓದುಗರು ಈ ಪುರವಣಿಯನ್ನು ಮಡಿಸಿಡುವ ಮುನ್ನ 1950ಕ್ಕೆ ಕರೆ ಮಾಡಿ, ಮನೆಯ ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ಕೇಳಿ ಪಡಿತರ ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಬೇಕೆಂದು ವಿನಂತಿ.