ಕ್ರಿಸ್‌ಮಸ್ ಕ್ಯಾಮರಾ ಮತ್ತು ಅಲುಗಾಡಿದ ನಾಮಕರಣ

ಈ ಸಂಚಿಕೆ ನಿಮ್ಮನ್ನು ತಲುಪೋ ಹೊತ್ತಿಗೆ ಥ್ಯಾಂಕ್ಸ್‌ಗಿವಿಂಗ್ ಸೇಲ್ ಹತ್ತಿರ ಬಂದಿರುತ್ತೆ. ನಿಮ್ಮಲ್ಲಿ ಕೆಲವರು ಕ್ಯಾಮರಾ ಕೊಳ್ಳುತ್ತೀರಿ, ಕೆಲವರಿಗೆ ಡಿಸೆಂಬರ್‌ನಲ್ಲಿ ಅಕ್ಕನೋ ಅಣ್ಣನೋ ಉಡುಗೊರೆ ಕೊಡುತ್ತಾರೆ. ನನಗೆ ಹೋದ ವರ್ಷ ಹಾಗೇ ಸಿಕ್ಕಿತು. ಕಲಿಯುವ ಮೊದಲೇ ಅದನ್ನು ಬಳಸಿ ಏನು ಹಾಳು ಮಾಡಿದೆ, ಆಮೇಲೆ ಏನು ಕಲಿತೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನಾನು ಫೋಟೋಗ್ರಾಫರ್ ಅಲ್ಲ, ಊರಲ್ಲಿ ಇ ಅಂಡ್ ಸಿ ಮುಗಿಸಿ ಶಿಕಾಗೋದಲ್ಲಿ ಎಂ.ಎಸ್. ಓದುತ್ತಿರುವವನು. ಹಾಗಾಗಿ ಲೆಕ್ಕ ಸ್ವಲ್ಪ ಜಾಸ್ತಿ ಇರುತ್ತೆ, ಸಹಿಸಿಕೊಳ್ಳಿ.

ಅಕ್ಕ ಭಾವ ಇರೋದು ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನಲ್ಲಿ. ಸೆಮಿಸ್ಟರ್ ಮುಗಿದ ಮೇಲೆ ಯೂನಿಯನ್ ಸ್ಟೇಷನ್‌ನಲ್ಲಿ ವುಲ್ವರಿನ್ ರೈಲು ಹತ್ತಿ ಆನ್ ಆರ್ಬರ್‌ನಲ್ಲಿ ಇಳಿದರೆ ಭಾವ ಬಂದು ಕರೆದುಕೊಂಡು ಹೋಗುತ್ತಾರೆ. ನವೆಂಬರ್‌ನಲ್ಲಿ ಅಕ್ಕನಿಗೆ ಹೆಣ್ಣು ಮಗು ಆಗಿತ್ತು. ಹನ್ನೊಂದನೇ ದಿನ ಆಗಬೇಕಿದ್ದ ನಾಮಕರಣವನ್ನು ಎಲ್ಲರಿಗೂ ರಜ ಇರಲಿ ಅಂತ ಡಿಸೆಂಬರ್ 27ಕ್ಕೆ ಇಟ್ಟುಕೊಂಡಿದ್ದರು. ಹಾಸನದಿಂದ ಅಪ್ಪ ಅಮ್ಮ ಬರಬೇಕಿತ್ತು, ವೀಸಾ ಸಮಯಕ್ಕೆ ಆಗಲಿಲ್ಲ. ಮಗಳ ಬಾಣಂತನಕ್ಕೂ ಇರಲಿಲ್ಲ, ಮೊಮ್ಮಗಳ ತೊಟ್ಟಿಲಿಗೂ ಇಲ್ಲ ಅಂತ ಅಮ್ಮನಿಗೆ ತುಂಬಾ ಬೇಜಾರಾಗಿತ್ತು. ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: "ವಿಡಿಯೋ ಕಾಲಲ್ಲಿ ನೋಡಿದ್ರೆ ಆ ಗಳಿಗೆಗೆ ಮುಗೀತು ಕಣೋ. ಫೋಟೋ ಚೆನ್ನಾಗಿ ತೆಗಿ. ನಾನು ಕೈಲಿ ಹಿಡ್ಕೊಂಡು ನೋಡಬೇಕು."

25ರ ಸಂಜೆ ಭಾವ ಒಂದು ಡಬ್ಬ ಕೈಗಿಟ್ಟರು. ಮಿರರ್‌ಲೆಸ್ ಕ್ಯಾಮರಾ, ಜೊತೆಗೆ 18-55 ಕಿಟ್ ಲೆನ್ಸ್. ಕೈಪಿಡಿ ಓದಲಿಲ್ಲ. ಎಂಜಿನಿಯರ್ ಅಲ್ವಾ, ಕೈಪಿಡಿ ಓದೋದು ಮರ್ಯಾದೆಗೆ ಕಡಿಮೆ! ರಾತ್ರಿ ಕೂತು ಮೂರು ನಾಲ್ಕು ವಿಡಿಯೋ ನೋಡಿದೆ. ತಲೆಯಲ್ಲಿ ಉಳಿದದ್ದು ಒಂದೇ ಮಾತು: ಐಎಸ್ಒ ಜಾಸ್ತಿ ಮಾಡಿದರೆ ಫೋಟೋ ಕಾಳುಕಾಳಾಗುತ್ತೆ, ಆದಷ್ಟು ಕಡಿಮೆ ಇಡಿ. ಸರಿ ಅಂತ 100ಕ್ಕೆ ಇಟ್ಟು ಡಯಲ್ ಅನ್ನು ಅಪರ್ಚರ್ ಮೋಡ್‌ಗೆ ತಿರುಗಿಸಿ ಮಲಗಿದೆ.

ನಾಮಕರಣದ ದಿನ 312 ಫೋಟೋ ತೆಗೆದೆ. ಕ್ಯಾಮರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗೇ ಕಂಡವು. ರಾತ್ರಿ ಲ್ಯಾಪ್‌ಟಾಪ್‌ಗೆ ಹಾಕಿದಾಗ ಗೊತ್ತಾಯ್ತು, ಕೆಲಸಕ್ಕೆ ಬರುವುದು 9. ಆ ಒಂಬತ್ತು ಯಾವುವು ಅಂತೀರಾ? ದೀಪದ ಕಂಬ, ತೊಟ್ಟಿಲಿಗೆ ಕಟ್ಟಿದ ಹೂವು, ಅಕ್ಕಿ ಹರಡಿ ಉಂಗುರದಲ್ಲಿ ಹೆಸರು ಬರೆದ ತಟ್ಟೆ. ಅಕ್ಕಿಕಾಳು ಒಂದೊಂದೂ ಎಣಿಸಬಹುದು. ಮಗುವಿನ ಮುಖ ಮಾತ್ರ ಮಂಜು. ಭಾವನ ತಂಗಿ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಗಳಿಗೆ, ಅಮ್ಮ ಮುಖ್ಯವಾಗಿ ಕೇಳಿದ್ದು ಅದನ್ನೇ, ಅದರಲ್ಲಿ ಇಬ್ಬರು ಅತ್ತೆಯರು ಇರುವ ಹಾಗೆ ಕಾಣುತ್ತಿತ್ತು. ಅಮ್ಮನಿಗೆ ಆ ತಟ್ಟೆಯ ಫೋಟೋ ಕಳಿಸಿದೆ. "ಚೆನ್ನಾಗಿದೆ. ಪಾಪು ದು?" ಅಂತ ಉತ್ತರ ಬಂತು. ನಾಳೆ ಕಳಿಸ್ತೀನಿ ಅಂದೆ. ಸುಳ್ಳು.

ಇನ್ನು ಪಾಠ. ಪ್ರತಿ ಫೋಟೋ ಫೈಲಿನ ಒಳಗೆ ಅದನ್ನು ಹೇಗೆ ತೆಗೆದದ್ದು ಅನ್ನೋ ಮಾಹಿತಿ ಇರುತ್ತೆ. ಕಂಪ್ಯೂಟರಿನಲ್ಲಿ ಪ್ರಾಪರ್ಟೀಸ್ ತೆರೆದು ನೋಡಿ. ನನ್ನದರಲ್ಲಿ ಹೀಗಿತ್ತು: ಐಎಸ್ಒ 100, ಎಫ್/5.6, ಶಟರ್ 1/4 ಸೆಕೆಂಡ್. ಕಾಲು ಸೆಕೆಂಡ್ ಅಂದರೆ ನಮಗೆ ಏನೂ ಅಲ್ಲ ಅನಿಸುತ್ತೆ, ಆದರೆ ಅಷ್ಟರಲ್ಲಿ ಮಗು ಮುಷ್ಟಿ ಬಿಚ್ಚಿ ಕಟ್ಟಿರುತ್ತೆ. ಶಟರ್ ತೆರೆದಿರುವಷ್ಟು ಹೊತ್ತು ಆದದ್ದೆಲ್ಲ ಒಂದೇ ಚಿತ್ರದಲ್ಲಿ ಒಂದರ ಮೇಲೊಂದು ಬೀಳುತ್ತೆ. ಹಾಗಾದರೆ ಅಕ್ಕಿ ತಟ್ಟೆ ಹೇಗೆ ಸ್ಪಷ್ಟ ಬಂತು? ಲೆನ್ಸಿನಲ್ಲಿದ್ದ ಸ್ಟೆಬಿಲೈಸೇಶನ್ ನನ್ನ ಕೈ ನಡುಕವನ್ನು ಸರಿ ಮಾಡಿತ್ತು. ಅದು ಸರಿ ಮಾಡೋದು ನಮ್ಮ ಅಲುಗಾಟವನ್ನು ಮಾತ್ರ, ಎದುರಿಗಿರುವವರ ಅಲುಗಾಟವನ್ನಲ್ಲ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಈ ಸೌಲಭ್ಯವನ್ನು ನಂಬಿ ಮೋಸ ಹೋಗಬೇಡಿ.

ಬೆಳಕಿನ ಲೆಕ್ಕ ಬಹಳ ಸರಳ. ಶಟರ್ ಎಷ್ಟು ಹೊತ್ತು ತೆರೆದಿದೆ, ಲೆನ್ಸಿನ ಕಂಡಿ ಎಷ್ಟು ದೊಡ್ಡದು, ಬಂದ ಬೆಳಕಿನ ಸಿಗ್ನಲ್ ಅನ್ನು ಎಷ್ಟು ಪಟ್ಟು ಹಿಗ್ಗಿಸುತ್ತೇವೆ, ಈ ಮೂರೇ. ಪ್ರತಿಯೊಂದನ್ನೂ ದುಪ್ಪಟ್ಟು, ಅರ್ಧ ಅನ್ನುವ ಮೆಟ್ಟಿಲಲ್ಲಿ ಅಳೆಯುತ್ತಾರೆ, ಒಂದು ಮೆಟ್ಟಿಲಿಗೆ ಒಂದು ಸ್ಟಾಪ್. ತೂಗಾಡುವ ಮಗುವಿಗೆ ಕನಿಷ್ಠ 1/125 ಬೇಕು. 1/4, 1/8, 1/15, 1/30, 1/60, 1/125: ಐದು ಮೆಟ್ಟಿಲು. ಅಂದರೆ 32ರಲ್ಲಿ ಒಂದು ಪಾಲು ಬೆಳಕು. ಈ ಐದನ್ನು ಬೇರೆ ಕಡೆಯಿಂದ ತುಂಬಿಕೊಡಬೇಕು. ಐಎಸ್ಒ 100ರಿಂದ 200, 400, 800, 1600, 3200. ಇಲ್ಲೂ ಐದೇ. ಡಯಲ್ ಅನ್ನು ಶಟರ್ ಮೋಡ್‌ಗೆ ತಿರುಗಿಸಿ 1/125 ಇಟ್ಟು, ಐಎಸ್ಒ ಆಟೋ ಮಾಡಿ ಬಿಟ್ಟಿದ್ದರೆ ಕ್ಯಾಮರಾ ತಾನೇ 3200ಕ್ಕೆ ಹೋಗುತ್ತಿತ್ತು. ಅಷ್ಟೇ ಆಗಬೇಕಿದ್ದದ್ದು.

ಎಫ್ ನಂಬರ್ ಮಾತ್ರ ತಲೆಕೆಳಗು. ನಂಬರ್ ಸಣ್ಣದಾದರೆ ಕಂಡಿ ದೊಡ್ಡದು. ಯಾಕೆಂದರೆ ಅದು ಲೆನ್ಸಿನ ಫೋಕಲ್ ದೂರವನ್ನು ಕಂಡಿಯ ವ್ಯಾಸದಿಂದ ಭಾಗಿಸಿದ ಸಂಖ್ಯೆ. 50 ಮಿ.ಮೀ. ಲೆನ್ಸ್ ಎಫ್/2 ಆದರೆ ಕಂಡಿ 25 ಮಿ.ಮೀ. ಬೆಳಕು ಬರೋದು ವಿಸ್ತೀರ್ಣಕ್ಕೆ ತಕ್ಕಂತೆ, ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ. ಅದಕ್ಕೇ 1.4, 2, 2.8, 4, 5.6, 8 ಅನ್ನೋ ವಿಚಿತ್ರ ಸರಣಿ, ಪ್ರತಿ ಸಲ ಎರಡರ ವರ್ಗಮೂಲದಿಂದ ಗುಣಿಸುತ್ತಾ ಹೋಗಿದ್ದಾರೆ. ಕಿಟ್ ಲೆನ್ಸಿನಲ್ಲಿ ಇನ್ನೊಂದು ತೊಂದರೆ ಇದೆ. 18ರಲ್ಲಿ ಎಫ್/3.5 ಸಿಗುತ್ತೆ, 55ಕ್ಕೆ ಜೂಮ್ ಮಾಡಿದರೆ 5.6ಕ್ಕೆ ಇಳಿಯುತ್ತೆ. ನಾನು ಹಿರಿಯರಿಗೆ ಅಡ್ಡ ಆಗಬಾರದು ಅಂತ ಸೋಫಾ ಹಿಂದೆ ನಿಂತು ಪೂರ್ತಿ ಜೂಮ್ ಮಾಡಿದ್ದೆ. ಸಂಕೋಚಕ್ಕೆ ಒಂದು ಸ್ಟಾಪ್‌ಗಿಂತ ಜಾಸ್ತಿ ಬೆಳಕು ಹೋಯ್ತು! ಮಗುವಿನ ಸೋದರಮಾವ ಮುಂದೆ ಬಂದು ಕೂತರೆ ಯಾರೂ ಬೈಯುತ್ತಿರಲಿಲ್ಲ.

ಕಾಳುಕಾಳಾಗುವುದರ ಬಗ್ಗೆ ಒಂದು ಮಾತು, ಇದನ್ನು ನಾನೇ ತಪ್ಪು ತಿಳಿದಿದ್ದೆ. ಐಎಸ್ಒ ಗದ್ದಲವನ್ನು ಹುಟ್ಟಿಸೋದಲ್ಲ. ಬೆಳಕು ಫೋಟಾನುಗಳಾಗಿ ಬರುತ್ತೆ, ಅವು ಮಳೆಹನಿಯ ಹಾಗೆ ಹೆಚ್ಚುಕಮ್ಮಿ ಬೀಳುತ್ತವೆ, ಆ ಏರುಪೇರು ಸಂಖ್ಯೆಯ ವರ್ಗಮೂಲದಷ್ಟು. 10,000 ಫೋಟಾನ್ ಬಿದ್ದ ಕಡೆ ಏರುಪೇರು 100, ಅಂದರೆ ನೂರಕ್ಕೆ ಒಂದು. 100 ಮಾತ್ರ ಬಿದ್ದ ಕಡೆ ಏರುಪೇರು 10, ನೂರಕ್ಕೆ ಹತ್ತು, ಕಣ್ಣಿಗೆ ಕಾಣುತ್ತೆ. ತಪ್ಪು ಬೆಳಕು ಕಡಿಮೆ ಇರೋದರದ್ದು, ಆಂಪ್ಲಿಫೈಯರ್ ಅದನ್ನು ತೋರಿಸಿತು ಅಷ್ಟೇ. ಕಾಳು ಬಂದ ಫೋಟೋವನ್ನು ಸಾಫ್ಟ್‌ವೇರಿನಲ್ಲಿ ಎಷ್ಟೋ ಸರಿ ಮಾಡಬಹುದು. ಹಳದಿ ಬಲ್ಬಿನ ಕೆಳಗೆ ಬಿಳಿ ಪಂಚೆ ಅರಿಶಿನದಲ್ಲಿ ಅದ್ದಿದ ಹಾಗೆ ಬಂದಿದ್ದರೂ, ರಾ ಫೈಲ್ ಇಟ್ಟುಕೊಂಡಿದ್ದರೆ ಆಮೇಲೆ ಬಿಳಿ ಮಾಡಬಹುದು. ಅಲುಗಾಡಿದ ಮುಖವನ್ನು ಮಾತ್ರ ಅಷ್ಟು ಸುಲಭವಾಗಿ ವಾಪಸ್ ತರೋಕಾಗಲ್ಲ.

ಇನ್ನೊಂದು ಎಡವಟ್ಟು. ನನ್ನ ಕ್ಯಾಮರಾಕ್ಕೆ ಗಡಿಯಾರ ಇಡುವಾಗ ಊರು ಶಿಕಾಗೋ ಅಂತ ಆರಿಸಿದ್ದೆ. ಮಿಶಿಗನ್ ಸಮಯ ನಮಗಿಂತ ಒಂದು ಗಂಟೆ ಮುಂದೆ. ನನ್ನ ಫೋಟೋ, ಭಾವನ ಫೋನಿನ ಫೋಟೋ ಎರಡನ್ನೂ ಒಂದೇ ಆಲ್ಬಮ್‌ಗೆ ಹಾಕಿದಾಗ, ಮಗುವಿಗೆ ಹೆಸರಿಟ್ಟ ಮೇಲೆ ಪುರೋಹಿತರು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದರು. ಇಬ್ಬರು ಮೂವರು ಸೇರಿ ತೆಗೆಯುವಾಗ ಮೊದಲು ಎಲ್ಲರ ಗಡಿಯಾರ ಒಂದು ಮಾಡಿಕೊಳ್ಳಿ. ಕ್ಯಾಮರಾ ಊರಿಗೆ ಒಯ್ಯುವವರು ಇನ್ನೊಂದನ್ನೂ ನೋಡಿ. ಇಲ್ಲಿ ಕರೆಂಟು 60 ಹರ್ಟ್ಸ್, ದೀಪಗಳು ಸೆಕೆಂಡಿಗೆ 120 ಸಲ ಮಿನುಗುತ್ತವೆ. ಊರಲ್ಲಿ 50 ಹರ್ಟ್ಸ್, 100 ಸಲ. ಛತ್ರದ ಟ್ಯೂಬ್‌ಲೈಟಿನಲ್ಲಿ ವಿಡಿಯೋ ಮೇಲೆ ಅಡ್ಡ ಪಟ್ಟೆ ಓಡಿದರೆ ಕ್ಯಾಮರಾ ಕೆಟ್ಟಿಲ್ಲ, ಶಟರ್ ಅನ್ನು 1/50 ಅಥವಾ 1/100ಕ್ಕೆ ತನ್ನಿ.

ಜನವರಿಯಲ್ಲಿ ಶಿಕಾಗೋಗೆ ವಾಪಸ್ ಬಂದು ಕೈಪಿಡಿ ಓದಿದೆ. ಭಾನುವಾರ ಆಡ್ಲರ್ ಪ್ಲಾನೆಟೇರಿಯಂ ಕಡೆ ಹೋಗುತ್ತಿದ್ದೆ, ಅಲ್ಲಿಂದ ಕೆರೆಯ ಆಚೆ ಇಡೀ ಊರು ಸಾಲಾಗಿ ಕಾಣುತ್ತೆ. (ಕೆರೆ ಅಂದೆ, ಮಿಶಿಗನ್ ಲೇಕ್ ನೋಡಿದರೆ ನಮ್ಮ ಕಣ್ಣಿಗೆ ಸಮುದ್ರವೇ.) ಹಿಮ ಬಿದ್ದ ದಿನ ಎಲ್ಲವೂ ಬೂದಿ ಬಣ್ಣ ಬಂತು. ಕ್ಯಾಮರಾದ ಮೀಟರ್ ಎದುರಿಗಿರುವುದೆಲ್ಲ ನಡುಬೂದು ಅಂತಲೇ ಭಾವಿಸುತ್ತೆ, ಬೆಳ್ಳಗಿರುವುದನ್ನು ಕಂಡರೆ ಬೆಳಕು ಜಾಸ್ತಿ ಆಯ್ತು ಅಂತ ಕಡಿಮೆ ಮಾಡುತ್ತೆ. ಪ್ಲಸ್ ಮೈನಸ್ ಗುಂಡಿಯಲ್ಲಿ ಒಂದರಿಂದ ಒಂದೂವರೆ ಸ್ಟಾಪ್ ಮೇಲಕ್ಕೆ ಹಾಕಿದರೆ ಹಿಮ ಹಿಮದ ಹಾಗಿರುತ್ತೆ. ಚಳಿಗೆ ಬ್ಯಾಟರಿ ಅರ್ಧ ಇದ್ದದ್ದು ಇದ್ದಕ್ಕಿದ್ದಂತೆ ಸತ್ತಿತು, ಜಾಕೆಟ್ ಒಳಜೇಬಿನಲ್ಲಿ ಹತ್ತು ನಿಮಿಷ ಇಟ್ಟರೆ ಮತ್ತೆ ಎದ್ದಿತು. ಮನೆಯೊಳಗೆ ಬರುವ ಮೊದಲು ಹೊರಗೇ ಕ್ಯಾಮರಾವನ್ನು ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ, ಒಳಗೆ ಬೆಚ್ಚಗಾದ ಮೇಲೆ ತೆಗೆಯಿರಿ. ಕನ್ನಡಕ ಹಾಕುವವರಿಗೆ ಕಾರಣ ಹೇಳಬೇಕಿಲ್ಲ. ಐಎಸ್ಒ 100ಕ್ಕೆ ಸರಿಯಾದ ಜಾಗವೂ ಅಲ್ಲೇ ಸಿಕ್ಕಿತು: ರಾತ್ರಿ, ಕ್ಯಾಮರಾ ಕಟ್ಟೆಯ ಮೇಲೆ, ಎರಡು ಸೆಕೆಂಡಿನ ಟೈಮರ್, ಹತ್ತು ಸೆಕೆಂಡ್ ಶಟರ್. ಕಟ್ಟಡಗಳು ಕೈಕಾಲು ಆಡಿಸುವುದಿಲ್ಲ.

ಬೆಳಕು ಸಾಲದಿದ್ದರೆ ತರಬೇಕು ಅನ್ನೋದನ್ನು ವಿ.ಕೆ. ಮೂರ್ತಿಯವರಿಂದ ಕಲಿತೆ. ಮೈಸೂರಿನಲ್ಲಿ ಹುಟ್ಟಿದವರು, ಗುರುದತ್ ಚಿತ್ರಗಳ ಛಾಯಾಗ್ರಾಹಕರು, 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು; ಛಾಯಾಗ್ರಾಹಕರಲ್ಲಿ ಆ ಪ್ರಶಸ್ತಿ ಮೊದಲು ಸಿಕ್ಕಿದ್ದು ಅವರಿಗೆ. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಮೇಲಿಂದ ಬೀಳುವ ಬೆಳಕಿನ ಕೋಲು ಇದೆಯಲ್ಲ, ಅದು ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿದ್ದು. ದುಡ್ಡು ಕೊಟ್ಟು ದೊಡ್ಡ ಫ್ಲ್ಯಾಶ್ ಕೊಳ್ಳಬೇಕು ಅಂತಿದ್ದ ನನಗೆ ಅದನ್ನು ಓದಿ ನಾಚಿಕೆ ಆಯ್ತು.

ಜೂನ್‌ನಲ್ಲಿ ಮಗುವಿಗೆ ಏಳನೇ ತಿಂಗಳ ಅನ್ನಪ್ರಾಶನ. ಅಪ್ಪ ಅಮ್ಮ ಆಗಲೂ ಹಾಸನದಲ್ಲೇ. ಹಿಂದಿನ ದಿನವೇ ಹೋಗಿ ಮನೆಯಲ್ಲಿ ಬೆಳಕು ಎಲ್ಲಿ ಹೇಗೆ ಬೀಳುತ್ತೆ ನೋಡಿದೆ. ದೇವರ ಕೋಣೆ ಮುಂದೆ ಕತ್ತಲು. ಅಕ್ಕನ ಹತ್ತಿರ ಕೇಳಿಕೊಂಡು ಮಣೆಯನ್ನು ಹಿತ್ತಲ ಗಾಜಿನ ಬಾಗಿಲ ಪಕ್ಕ ಹಾಕಿಸಿದೆ. ದಿಕ್ಕು ಪೂರ್ವವೇ ಆಗಿದ್ದರಿಂದ ಪುರೋಹಿತರೂ ಒಪ್ಪಿದರು. ಎದುರು ಪಕ್ಕದಲ್ಲಿ ಕುರ್ಚಿಗೆ ಬಿಳಿ ಬೆಡ್‌ಶೀಟ್ ಹೊದಿಸಿದೆ, ಬಾಗಿಲ ಬೆಳಕು ಅದಕ್ಕೆ ಬಡಿದು ಮಗುವಿನ ನೆರಳು ಬಿದ್ದ ಕೆನ್ನೆಗೂ ಬರಲಿ ಅಂತ. ಹಳದಿ ಬಲ್ಬುಗಳನ್ನು ಆರಿಸಿದೆ. ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದ 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿದೆ. ಎಫ್/2.8, 1/250, ಐಎಸ್ಒ 800. ಅಕ್ಕನ ಮಡಿಲಲ್ಲಿ ಒಂದು ಗೊಂಬೆ ಕೂರಿಸಿ ನಾಲ್ಕು ಫೋಟೋ ತೆಗೆದು, ಪರದೆಯಲ್ಲಿ ಗೊಂಬೆಯ ಕಣ್ಣಿನವರೆಗೆ ಜೂಮ್ ಮಾಡಿ ನೋಡಿದೆ. ಡಿಸೆಂಬರ್‌ನಲ್ಲಿ ಇದೊಂದನ್ನು ಮಾಡಿದ್ದರೆ ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತಿತ್ತು.

ನಾನು ಮರೆತಿದ್ದು ಒಂದೇ, ಮೊದಲ ತುತ್ತು ಕೊಡಬೇಕಾದವನು ಸೋದರಮಾವ, ಅಂದರೆ ನಾನೇ! ಕ್ಯಾಮರಾ ಭಾವನ ಕೈಗೆ ಕೊಟ್ಟು, "ಏನೂ ತಿರುಗಿಸಬೇಡಿ ಭಾವ, ಚೌಕ ಅವಳ ಕಣ್ಣ ಮೇಲೆ ಬಂದಾಗ ಒತ್ತಿ" ಅಂದೆ. ಅವರು ಸುಮ್ಮನೆ ಒತ್ತುತ್ತಾ ಹೋದರು. ಬೆಳ್ಳಿ ಚಮಚ, ಪಾಯಸ, ಅವಳು ಮುಖ ಕಿವುಚಿದ್ದು, ಗಲ್ಲದ ಮೇಲೆ ಅಂಟಿದ ಒಂದು ಅಗುಳು, ಎಲ್ಲ ಸ್ಪಷ್ಟ.

ಆ ರಾತ್ರಿ ಎರಡು ಕಡೆ ಕಾಪಿ ಮಾಡಿದ ಮೇಲೇ ಮಲಗಿದೆ. ಅಮ್ಮನಿಗೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದೆ, ಇಲ್ಲದಿದ್ದರೆ ಅದು ಹಿಂಡಿ ಸಣ್ಣ ಮಾಡುತ್ತೆ, ಪ್ರಿಂಟ್ ಚೆನ್ನಾಗಿ ಬರೋಲ್ಲ. ಅಪ್ಪ ಸ್ಟುಡಿಯೋಗೆ ಹೋಗಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಡಿಸೆಂಬರ್‌ನ ಅಕ್ಕಿ ತಟ್ಟೆಯದ್ದನ್ನೂ ಅಮ್ಮ ಜೊತೆಗೇ ಹಾಕಿಸಿದ್ದಾರೆ. ಬಂದವರಿಗೆಲ್ಲ ಎರಡನ್ನೂ ತೋರಿಸಿ, "ಹೆಸರು ಇಟ್ಟ ದಿನ ಪಾಪು ಕೈಗೆ ಸಿಗಲಿಲ್ಲ ಅಂತೆ ಇವನಿಗೆ" ಅಂತ ನಗುತ್ತಾರಂತೆ.